ಅರು, ಅರೊ

ಸೀಕಾಯೋಕಿ,
ಮೇ 9, 1996

ಓಯ್ವಾ,

ಕೋಪದಲ್ಲಿ ಬರೆಯಬಾರದೆಂದು ಮೊದಲು ಕಾಫಿ ಕುಡಿದೆ. ಕಾಫಿ ಮುಗಿಯಿತು, ಕೋಪ ಹಾಗೇ ಇದೆ. ನೀನು ಚೆನ್ನಾಗಿದ್ದೀಯೆಂದು ನಂಬಿದ್ದೇನೆ.

ಈ ನೀರು, ಈ ಜಗಳ ಎರಡೂ ಸಾಕೆಂದು ನೀನು ನಿನ್ನ ಅಕ್ಕನ ಮನೆ ಸೇರಿದೆ. ಈಗ ನಮ್ಮಿಬ್ಬರ ಹೆಸರಿನಲ್ಲಿರುವ ನೆಲ ಮಾರಲು ನನ್ನ ಸಹಿ ಕೇಳಿದ್ದೀಯ. ಕೊಳ್ಳುವವನು ಕಾಲುವೆ ತೋಡಿ, ನೀರೆಲ್ಲ ಬಸಿದು, ಸ್ಪ್ರೂಸ್ ಮರ ನೆಡುತ್ತಾನಂತೆ. ನಾನು ಸಹಿ ಹಾಕುವುದಿಲ್ಲ.

ನಗಬೇಡ. ಈ ನೆಲವನ್ನು ಎಲ್ಲರಿಗಿಂತ ಹೆಚ್ಚು ಬೈದವಳು ನಾನೇ. ಮದುವೆಗೆ ಮುಂಚೆ ನೀನು, ನನಗೊಂದು ಅರೊ ಇದೆ ಎಂದಿದ್ದೆ. ನನ್ನ ಎಸ್ಟೋನಿಯನ್ ಕಿವಿಗೆ ಅದು ನಮ್ಮ ಅರು ಎಂದೇ ಕೇಳಿಸಿತು. ನಮ್ಮಲ್ಲಿ ಅರು ಎಂದರೆ ಆರಿದ ನೆಲ, ಕುರಿ ಮೇಯುವ ಹುಲ್ಲುಗಾವಲು. ಆಗಸ್ಟಿನಲ್ಲಿ ಬಂದು ನೋಡಿದರೆ ಹಾಗೆಯೇ ಇತ್ತು. ನಂಬಿ ಕುರಿ ತಂದೆ. ಮೇ ತಿಂಗಳಲ್ಲಿ ಹಿಮ ಕರಗಿ ಮೊಣಕಾಲುದ್ದ ನೀರು ನಿಂತಿತು. ಕುರಿಗಳೆಲ್ಲ ಸೌನಾ ಸ್ನಾನದ ಮನೆಯ ಮೆಟ್ಟಿಲು ಹತ್ತಿ ನನ್ನ ಮುಖ ನೋಡುತ್ತಿದ್ದವು. ರಜೆಗೆ ಬಂದಿದ್ದ ನಿನ್ನ ಅಕ್ಕ ರೈಲಿ, "ಏನೇ ಲೇಲೊ, ಕುರಿಗೆ ಈಜು ಕಲಿಸ್ತಿದೀಯಾ?" ಎಂದಳು. ಮೋಸಗಾರ ಎಂದು ನಿನ್ನ ಮೇಲೆ ಹರಿಹಾಯ್ದೆ. ನೀನು ತಣ್ಣಗೆ, "ಅರೊ ಅಂದೆ, ಅರೊನೇ ತೋರಿಸ್ದೆ. ನೀರು ನಿಲ್ಲೋ ಜಾಗಕ್ಕೆ ಇನ್ನೇನನ್ಬೇಕು ಮಾರಾಯ್ತಿ?" ಎಂದೆ.

ಹೆಲ್ಸಿಂಕಿಯವರನ್ನು ಕೇಳಿದರೆ ಅರೊ ಎಂದರೆ ಮರವೇ ಇಲ್ಲದ ದೂರದೇಶದ ಬಯಲು ಅನ್ನುತ್ತಾರೆ. ಅವರು ಬೂಟು ಹಾಕಿ ಹೊರಗೆ ಬಂದೇ ಇಲ್ಲ, ಬಿಡು. ನಿನ್ನ ಫಿನ್ನಿಶ್, ನನ್ನ ಎಸ್ಟೋನಿಯನ್ ಎರಡೂ ಒಂದೇ ತಾಯಿಯ ಮಕ್ಕಳು. ನಿನ್ನವರು ಇಂಥ ನೆಲವನ್ನು ಮೇ ತಿಂಗಳಲ್ಲಿ ನೋಡಿ ಹೆಸರಿಟ್ಟರು, ನನ್ನವರು ಆಗಸ್ಟಿನಲ್ಲಿ. ಸುಳ್ಳು ಯಾರೂ ಹೇಳಲಿಲ್ಲ. ಇದು ನನಗೆ ತಿಳಿದದ್ದು ನೀನು ಹೋದ ಮೇಲೆ, ಒಬ್ಬಳೇ ಹುಲ್ಲು ಕೊಯ್ಯುವಾಗ.

ಕಾಲುವೆ ತೋಡಿದರೆ ಅದು ನಿನ್ನ ಅರೊ ಆಗಿರುವುದಿಲ್ಲ. ಸ್ಪ್ರೂಸ್ ನೆಟ್ಟರೆ ನನ್ನ ಅರುವೂ ಆಗಿರುವುದಿಲ್ಲ. ನೀರಿಳಿಯುವ ತನಕ ಕುರಿಗಳು ಮರಳುದಿಬ್ಬದ ಮೇಲಿರುತ್ತವೆ, ಆಮೇಲೆ ಕೆಳಗಿಳಿಸುತ್ತೇನೆ. ಆ ನೀರು ಕುಡಿದ ಹುಲ್ಲಿನ ಸೊಂಪು ನಮ್ಮೂರಲ್ಲೂ ಇಲ್ಲ. ಯಂತ್ರ ತರುವವರು ತರಲಿ, ಗೇಟಿನಲ್ಲಿ ನಾನಿರುತ್ತೇನೆ. ಲೇಲೊ ತವರಿಗೆ ಹೊರಡುತ್ತಾಳೆಂದು ರೈಲಿ ಕಾಯುತ್ತಿದ್ದರೆ, ಕಾಯುವುದು ಬೇಡವೆಂದು ಹೇಳು.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಲೇಲೊ

ಮರೆತಿದ್ದೆ: ಗೇಟಿಗೊಂದು ಹಲಗೆ ಹೊಡೆದು ಹೆಸರು ಬರೆದಿದ್ದೇನೆ. ಅರೊ ಎಂದು, ನಿನ್ನ ಮಾತಿನಲ್ಲೇ. ನಿನ್ನ ರಬ್ಬರ್ ಬೂಟಿನ ತೂತು ಮುಚ್ಚಿ ಬಾಗಿಲ ಬಳಿ ಇಟ್ಟಿದ್ದೇನೆ. ಬರುವುದಾದರೆ ಆಗಸ್ಟಿನ ತನಕ ಕಾಯಬೇಡ.