ಸುತ್ತಿ ಸುತ್ತಿ ಬರುವ ಚುಕ್ಕೆ

ಪ್ರೀತಿಯ ಅಣ್ಣ,

ಇವತ್ತು ಬೆಳಿಗ್ಗೆ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಾಗ ಹಾಳೆಯ ಮೇಲೊಂದು ಕಪ್ಪು ಚುಕ್ಕೆ ಕಂಡಿತು. ಸಾಸಿವೆಗಿಂತ ಸಣ್ಣದು. ತಪ್ಪಿ ಬಿದ್ದ ಪೂರ್ಣವಿರಾಮವೆಂದುಕೊಂಡು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಸ್ವಲ್ಪ ಕೆಳಗೆ ಇನ್ನೊಂದು. ಅಷ್ಟೇ ದೂರ ಬಿಟ್ಟು ಅದರ ಕೆಳಗೆ ಮತ್ತೊಂದು. ಒಂದು ಕಡೆಯಂತೂ ಕಥೆಯ ನಾಯಕಿ ಬಾಗಿಲು ತೆರೆಯುವ ಮೊದಲೇ ವಾಕ್ಯ ಮುಗಿದುಹೋಗಿತ್ತು. ಎಲ್ಲವನ್ನೂ ಶ್ರದ್ಧೆಯಿಂದ ತಿದ್ದಿ ಪ್ರೆಸ್ಸಿನ ಒಡತಿಗೆ ಕೊಟ್ಟೆ. ನಾವೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತೇವೆ. ಅವರು ಹಾಳೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಮ್ಮಾ, ರೋಲರ್‌ಗೂ ವ್ಯಾಕರಣ ಕಲಿಸೋಕೆ ಹೊರಟಿದ್ದೀಯಾ?"

ನನ್ನ ಕಿವಿ ಬಿಸಿಯಾದದ್ದು ನಿನಗೆ ಅಲ್ಲಿಂದಲೇ ಗೊತ್ತಾಗಿರಬೇಕು.

ಆಮೇಲೆ ಅವರು ಒಂದು ದಾರ ತೆಗೆದರು. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹಿಡಿದು ಅಷ್ಟಕ್ಕೇ ಕತ್ತರಿಸಿದರು. ಮೆಷಿನ್ ನಿಲ್ಲಿಸಿ, ಆ ತುಂಡನ್ನು ಶಾಯಿ ಹಚ್ಚುವ ಒಂದೊಂದೇ ರೋಲರಿಗೆ ಸುತ್ತಿ ನೋಡುತ್ತಾ ಹೋದರು. ಒಂದು ರೋಲರಿನ ಮೇಲೆ ದಾರದ ಎರಡೂ ತುದಿ ಸರಿಯಾಗಿ ಮುಟ್ಟಿದವು. ಅದರ ಮೇಲೆ ಒಣಗಿದ ಶಾಯಿಯ ಒಂದು ಚೂರು ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ತೆಗೆದರು. "ಕಾಗದ ಬೈಕೊಂಡು ಕೂತ್ರೆ ಏನು ಬಂತು? ಎಷ್ಟು ದೂರಕ್ಕೆ ಮತ್ತೆ ಬರ್ತಿದೆ ಅಂತ ನೋಡ್ಬೇಕು. ಯಾರ ಕೆಲಸ ಅಂತ ಅದೇ ಹೇಳುತ್ತೆ."

ನನ್ನ ತಲೆಗೆ ಒಂದು ಹುಳ ಹೊಕ್ಕರೆ ಮುಗಿಯಿತಲ್ಲ. ಇಡೀ ದಿನ ಇದೇ ಆಯಿತು. ಫ್ಯಾನು ಸುತ್ತಿಗೊಮ್ಮೆ ಟಕ್ಕೆನ್ನುತ್ತದೆ; ಯಾವ ರೆಕ್ಕೆ? ಮೆಷಿನ್ ಶುರುವಾದಾಗ ತಗಡಿನ ಮಾಡಿನಿಂದ ಏಳುವ ಪಾರಿವಾಳಗಳು ಅದು ನಿಂತಕೂಡಲೇ ಬಂದು ಕೂರುತ್ತವೆ. ಅವುಗಳ ದಿನವನ್ನು ತಿರುಗಿಸುವುದೂ ನಮ್ಮ ರೋಲರುಗಳೇ ಏನು? ಸಂಜೆ ಬಸ್ ನಿಲ್ದಾಣದಲ್ಲಿ ನಿಂತಾಗ ರಸ್ತೆಯುದ್ದಕ್ಕೂ ಮರಗಳು ಬೋಳಾಗಿದ್ದವು. ಒಂದೇ ಒಂದು ಕೊಂಬೆ, ಬೀದಿದೀಪಕ್ಕೆ ಒತ್ತಿಕೊಂಡಿರುವುದು, ಇನ್ನೂ ಹಸಿರಾಗಿತ್ತು. ಚಳಿ ಎಲ್ಲ ಕೊಂಬೆಗೂ ಒಂದೇ. ಬೆಳಕು ಮಾತ್ರ ಬೇರೆ. ಎಲೆಗೆ ಋತು ಗೊತ್ತಾಗುವುದು ಹಾಗಾದರೆ ಕತ್ತಲಿನಿಂದಲೇ? ಕತ್ತೆತ್ತಿ ನೋಡುತ್ತಾ ನಿಂತು ಬಸ್ಸು ತಪ್ಪಿಸಿಕೊಂಡೆ. ನಡೆದುಕೊಂಡು ಬರುವಾಗ ನೀನು ನೆನಪಾದೆ.

ನಿನ್ನೆ ಫೋನಿನಲ್ಲಿ ನೀನು ಹೇಳಿದೆಯಲ್ಲ, "ಬೆಳಿಗ್ಗೆ ಏಳೋಕೇ ಆಗ್ತಿಲ್ಲ ಕಣೇ ಪುಟ್ಟಿ. ಕೈಯೆಲ್ಲ ಸೀಸ ಆದಂಗಿದೆ. ಶನಿವಾರ ಮೇಸ್ತ್ರಿಗೆ ಹೇಳಿಬಿಡ್ತೀನಿ, ಇನ್ನು ಬರಲ್ಲ ಅಂತ." ಈ ಮಾತು ನಾನು ಮೊದಲೂ ಕೇಳಿದ್ದೇನೆ ಅಣ್ಣ. ಗಡಿಯಾರದಂಗಡಿ ಬಿಟ್ಟು ಬಂದ ದಿನ ನೀನು ಬಾಗಿಲಲ್ಲಿ ನಿಂತಾಗ ಅಮ್ಮ ಸಂಜೆಯ ಕಾಫಿಗೆ ನೀರಿಟ್ಟಿದ್ದಳಷ್ಟೆ, ಆಗಲೇ ಹೊರಗೆ ಕತ್ತಲು. ಬೇಕರಿ ಬಿಟ್ಟಾಗ ನಾನು ಅಟ್ಟದಿಂದ ಸ್ವೆಟರುಗಳ ಪೆಟ್ಟಿಗೆ ಇಳಿಸುತ್ತಿದ್ದೆ. ಇನ್ನೊಂದು ವರ್ಷ ದೋಣಿಕಟ್ಟೆಯ ಟಿಕೆಟ್ ಕೆಲಸ ಹೋದದ್ದೂ ಇದೇ ಚಳಿಗಾಲದ ದಿನಗಳಲ್ಲಿ. ಪ್ರತಿ ಸಲವೂ ಹಗಲು ಮತ್ತೆ ಉದ್ದವಾಗುತ್ತಿದ್ದಂತೆ ನೀನು ಸಿಳ್ಳೆ ಹಾಕುತ್ತಾ ಎದ್ದು, ಪಕ್ಕದ ಮನೆಯವರ ಮುರಿದ ಕುರ್ಚಿಗಳನ್ನೆಲ್ಲ ಕೇಳದಿದ್ದರೂ ರಿಪೇರಿ ಮಾಡಿಕೊಡುತ್ತಿದ್ದೆ. "ಗಡಿಯಾರ ನಿಂತ್ರೆ ಕೀ ಕೊಡಬಹುದು, ಇವನು ನಿಂತ್ರೆ ಏನು ಕೊಡೋದು?" ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾರೆ. ಅಮ್ಮ "ಅವನ ಹಣೆಬರಹ" ಎಂದು ಪಾತ್ರೆ ಸದ್ದು ಮಾಡುತ್ತಾಳೆ. ನೀನೋ, ನಿನ್ನನ್ನೇ ಸೋಮಾರಿ ಎಂದುಕೊಂಡು ಕೂರುತ್ತೀಯ. ನಾವೆಲ್ಲರೂ ಕಾಗದವನ್ನೇ ಬೈಯುತ್ತಿದ್ದೇವೆ.

ಬೆಳಕು ಕಡಿಮೆಯಾಗುವುದೇ ಇದಕ್ಕೆ ಕಾರಣವೆಂಬ ನನ್ನ ಊಹೆ ತಪ್ಪೂ ಇರಬಹುದು. ನಾನು ಓದಿದ್ದು ಕಥೆ, ಕವಿತೆ. ಇದಕ್ಕೆ ವೈದ್ಯರನ್ನೇ ಕೇಳಬೇಕು. ಆದರೆ ಕಳೆದ ಸಲ ನಿನ್ನ ಕೋಣೆಗೆ ಬಂದಾಗ ಕಿಟಕಿ ತೆರೆದರೆ ಎದುರಿಗೆ ಬರೀ ಇಟ್ಟಿಗೆ ಗೋಡೆ. ಮರದ ಕೆಲಸದ ಶೆಡ್ಡಿನಲ್ಲೂ ನೀನು ಮೂಲೆಯ ಮೇಜನ್ನೇ ಹಿಡಿದಿದ್ದೀಯ. ಈ ಕೆಲಸ ಬೇರೆಯವುಗಳಂತಲ್ಲ. ನೀನು ಮಾಡಿದ ಮೊದಲ ತೂಗುಕುರ್ಚಿಯಲ್ಲಿ ನನ್ನನ್ನು ಕೂರಿಸಿ, "ಕಿರ್ ಅನ್ನುತ್ತಾ ನೋಡು, ಅನ್ನಲ್ಲ!" ಎಂದಾಗ ನಿನ್ನ ಮುಖ ಹೇಗಿತ್ತೆಂದು ನನಗೆ ಗೊತ್ತು. ಇದನ್ನೂ ಬಿಟ್ಟರೆ, ಹಗಲು ಉದ್ದವಾದಾಗ ನೀನು ಎದ್ದು ಎಲ್ಲಿಗೆ ಹೋಗುತ್ತೀಯ?

ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ಅದಕ್ಕೇ ಪತ್ರ. ನಾಳೆ ನಿನ್ನೂರಿನ ಕಡೆ ಪುಸ್ತಕದ ಕಟ್ಟುಗಳನ್ನು ಒಯ್ಯುವ ನಮ್ಮ ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಶನಿವಾರ ಮೇಸ್ತ್ರಿಯ ಹತ್ತಿರ ಏನೂ ಹೇಳಬೇಡ. ಮೇಜನ್ನು ಬಾಗಿಲ ಬಳಿಗೆ ಎಳೆದುಕೊಳ್ಳಲೇ ಎಂದು ಮಾತ್ರ ಕೇಳು.

ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ಹಿಂಜರಿಯುವ ನಾನು ಇವತ್ತು ಅರ್ಧ ದಾರಿಯಿಂದಲೇ ವಾಪಸ್ ಪ್ರೆಸ್ಸಿಗೆ ಹೋಗಿ ದೊಡ್ಡಕ್ಕನನ್ನು ಕೇಳಿದೆ, ಕರಡುಗಳನ್ನು ಬೇರೆ ಊರಿನಲ್ಲಿ ಕೂತು ತಿದ್ದಬಹುದೇ ಎಂದು. "ಚುಕ್ಕೆ ಬಿಟ್ಟು ಅಕ್ಷರ ನೋಡೋದಾದ್ರೆ ಎಲ್ಲಿ ಬೇಕಾದ್ರೂ ಕೂತ್ಕೋ" ಎಂದರು. ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ಭಾನುವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಹಗಲು ಉದ್ದವಾಗುವವರೆಗೂ ನಿನ್ನ ಜೊತೆಗೇ ಇರುತ್ತೇನೆ. ಬೆಳಕು ಬಿದ್ದಕೂಡಲೇ ನಿನ್ನನ್ನು ಎಬ್ಬಿಸಿ ಹೊರಗೆ ನಡೆಸುವುದು ನನ್ನ ಕೆಲಸ. ಬೈದರೂ ಎಬ್ಬಿಸುತ್ತೇನೆ.

ನಿನ್ನ ಬೆಳಗುಗಳು ಹಗುರವಾಗಲಿ ಎಂದು ಹಾರೈಸುವ,
ನಿನ್ನ ಪುಟ್ಟಿ