ಕೆರೆಯ ಈಚೆಯ ಬಂಡೆ

ಡೊನೆಗಾಲ್, ನವೆಂಬರ್ ೯

ಪ್ರೀತಿಯ ತಂಗಿ ನಾಬ್ಲಾಳಿಗೆ,

ಗ್ಲಾಸ್ಗೋದಲ್ಲಿ ಎಲ್ಲರೂ ಹೇಗಿದ್ದೀರಿ? ನಿನ್ನ ಗಂಡ ಫೀಲಿಮನ ಮಂಡಿನೋವು ಇಳಿಯಿತೇ? ನಿನ್ನ ಮಗಳು ಉನಾಳ ಕೂಸಿಗೆ ಹಲ್ಲು ಬಂತೇ? ನಾನು ಗಟ್ಟಿಯಾಗಿದ್ದೇನೆ. ಆಲೂಗಡ್ಡೆ ಅಗೆದು ಒಳಗಿಟ್ಟಾಯಿತು.

ಪಕ್ಕದ ಮನೆಯ ಹ್ಯೂಡಿ ತೀರಿಕೊಂಡ ಮೇಲೆ ಇದು ಮೊದಲ ಚಳಿಗಾಲ. ಅವನ ಮನೆಗೆ ಪಟ್ಟಣದಿಂದ ಹೊಸಬರು ಬಂದಿದ್ದಾರೆ. ಭಾನುವಾರ ಮಧ್ಯಾಹ್ನ ಕಥೆ ಹೇಳಿ ಎಂದು ಬಂದರು. ಹಗಲಲ್ಲಿ ಕಥೆ ಹೇಳಬಾರದು ಎನ್ನುತ್ತಿದ್ದಳು ಅಮ್ಮ. ಆದರೂ ಬಂದವರನ್ನು ಕಳಿಸಲು ಮನಸ್ಸಾಗಲಿಲ್ಲ. ಮುದಿ ರಾಕ್ಷಸಿಯ ಮಡಿಲಿನಿಂದ ಬಂಡೆ ಜಾರಿಬಿದ್ದ ಕಥೆ ಹೇಳಿದೆ. ನಮ್ಮ ಬಂಡೆ ಇರುವುದು ಕೆರೆಯ ಈಚೆಯಲ್ಲವೇ? ನಾನು ಬೇಕೆಂದೇ ಅದನ್ನು ಆಚೆ ದಡದಲ್ಲಿ ಬೀಳಿಸಿದೆ.

ಹ್ಯೂಡಿ ಇದ್ದಿದ್ದರೆ ಬಾಯಿಂದ ಪೈಪು ತೆಗೆದು, "ಏ ಮ್ಯಾನಸ್, ನಿಮ್ಮಪ್ಪ ಅದೇ ಬಂಡೆ ಹತ್ರ ಹಸು ಕಟ್ತಿದ್ನಲ್ಲೋ! ಹಸು ದಿನಾ ಕೆರೆ ಈಜ್ತಿತ್ತೇನು?" ಎಂದು ಹಿಡಿದುಬಿಡುತ್ತಿದ್ದ. ಬಂಡೆ ಕಿಟಕಿಯಲ್ಲೇ ಕಾಣುತ್ತಿತ್ತು. ಆದರೂ ಇವರು, "ತುಂಬಾ ಚೆನ್ನಾಗಿತ್ತು ಅಜ್ಜ" ಎಂದು ಚಹಾ ಕುಡಿದು ಹೊರಟರು. ಒಳ್ಳೆಯ ಜನ, ಅವರದೇನೂ ತಪ್ಪಿಲ್ಲ.

ತಪ್ಪು ಹೇಳಿದರೆ ತಪ್ಪು ಎನ್ನುವವರು ಇಲ್ಲಿ ಯಾರೂ ಉಳಿದಿಲ್ಲ, ನಾಬ್ಲಾ. ಇನ್ನು ನಾನು ಏನು ಹೇಳಿದರೂ ಅದೇ ನಿಜವಾಗಿಬಿಡುತ್ತದೆ. ನನಗೆ ಭಯವಾಗುವುದು ಅದಕ್ಕೇ.

ಅಪ್ಪ ಹೇಳುತ್ತಿದ್ದ ಇಡೀ ಕಥೆಯನ್ನು ತೊರೆ, ಗುಡ್ಡ, ಹೊಲಗಳ ಹೆಸರಿನ ಸಮೇತ ಬರೆದು ಇದರ ಜೊತೆ ಕಳಿಸಿದ್ದೇನೆ. ಈ ಸಲ ಬೇಕೆಂದು ಏನನ್ನೂ ತಪ್ಪಾಗಿ ಬರೆದಿಲ್ಲ. ತಪ್ಪಿದ ಕಡೆ ಗೀಟು ಹಾಕಿ, ಬಾಯಿಗೆ ಬಂದಂತೆ ಬೈದು, ಬೇಗ ಬರೆ.

ನಿನ್ನ ಅಣ್ಣ,
ಮ್ಯಾನಸ್