ಗೀಜಗದ ನೆರಳು ಸತ್ತ ದಿನ

ಕುಷ್ಟಗಿ ನೆರಳುಮನೆ,
ಫಾಲ್ಗುಣದ ಮೂವತ್ತೆರಡು, ಕ್ರಿ.ಶ. 2419

ಹಿಂದಿನ ಕಾಲದವರೇ,

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲವೆಂದು ಗೊತ್ತು. ಚಂದ್ರನ ಮೇಲೆ ಜನ ವಾಸಕ್ಕೆ ಹೋದ ಮೇಲೆ ನಾವು ತಿಂಗಳುಗಳನ್ನು ಹಿಗ್ಗಿಸಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ಇಲ್ಲಿ ಉಪಗ್ರಹಕ್ಕಿಂತ ಮೊದಲು ಅದರ ನೆರಳು ಹುಟ್ಟುತ್ತದೆ. ನೀವು ಸಿಮ್ಯುಲೇಶನ್ ಅನ್ನುತ್ತಿದ್ದಿರಂತೆ. ಒಂದು ತಗಡು ಕತ್ತರಿಸುವ ಮೊದಲೇ ಆ ನೆರಳು ಹಾರಿ, ಬಿಸಿಲಲ್ಲಿ ಕಾದು, ಚಳಿಯಲ್ಲಿ ಸೆಟೆದು, ಮುದಿಯಾಗಿ ಸಾಯಬೇಕು. ಅದಕ್ಕೆ ಕಾಟ ಕೊಡಲು ಊರಿನ ಜಗಳಗಂಟಿಯನ್ನೇ ನೇಮಿಸುವುದು ಪದ್ಧತಿ. ಈಗ ಆ ಕಾಟಗಾರ್ತಿ ನಾನು. ಕಲ್ಲು ತೂರುತ್ತೇನೆ, ರೆಕ್ಕೆ ಮುರಿಯುತ್ತೇನೆ. ನೆರಳು ಸತ್ತರೆ ಎಲ್ಲರೂ ಕೈಕಾಲು ತೊಳೆದು ಬಂದು ಹೊಸದನ್ನು ಹುಟ್ಟಿಸುತ್ತೇವೆ. ಉಪಗ್ರಹ ಹಾರಿದ ಮೇಲೂ ಬಿಡುವುದಿಲ್ಲ. ಮೇಲಿನದಕ್ಕೆ ಏನಾಯಿತೋ ಕೆಳಗಿನ ನೆರಳಿಗೂ ಅದನ್ನೇ ಮಾಡುತ್ತಾ ಹೋಗುತ್ತೇವೆ.

ಮೊನ್ನೆ ಗೀಜಗ ಮೂಕಾಯಿತು. ಚಂದ್ರನ ಹಿಂಬದಿಯವರ ಮಾತನ್ನು ಭೂಮಿಗೆ ದಾಟಿಸುವ ಉಪಗ್ರಹ ಅದೊಂದೇ. ಅಲ್ಲಿ ನನ್ನ ಮೊಮ್ಮಗಳು ಹುಲಿಗೆಮ್ಮನಿಗೆ ದಿನ ತುಂಬಿ, ಬ್ಯಾನಿ ಶುರುವಾಯಿತೆಂಬ ಸುದ್ದಿ ಬಂದ ಬೆನ್ನಿಗೇ ಅದು ಮೂಕಾದದ್ದು. ಹೆರಿಗೆಗೆ ದಾರಿ ಹೇಳುವ ಡಾಕ್ಟರು ಇಲ್ಲಿ, ಭೂಮಿಯ ಮೇಲೆ.

“ಆರ್ಸಿ ಹಚ್ಚೋ ಅದನ್ನ!” ಎಂದು ಎಂಜಿನಿಯರ್ ಮೌನೇಶನ ಮೇಲೆ ಹರಿಹಾಯ್ದೆ. “ಹುಡುಗಿ ಅಲ್ಲಿ ಬ್ಯಾನಿ ತಿನ್ನಾಕತ್ತಾಳ, ನೀ ನೆರಳಿನ ಕೂಡ ಆಟಾ ಆಡ್ತೀಯೇನ್ಲೇ?”

“ಆಯೀ, ನಿನ್ನ ಬೈಗುಳ ಗೀಜಗಕ್ಕ ಮುಟ್ಟಂಗಿಲ್ಲ. ಮೊದ್ಲ ನೆರಳಿಗೆ ಮಾಡಿ ನೋಡೂಣು,” ಎಂದ.

ದೀಪ ಆರಿಸಿದಂತೆ ನೆರಳನ್ನು ಆರಿಸಿದ. ಅದು ಅಲ್ಲಿನ ಚಳಿಗೆ ಸಿಕ್ಕಿ ಮತ್ತೆ ಹೊತ್ತಲೇ ಇಲ್ಲ. ನಿಜದ ಗೀಜಗಕ್ಕೆ ನಾನು ತರಲಿದ್ದ ಸಾವು, ಆಗದೆಯೇ, ನನ್ನ ಕಣ್ಣೆದುರು ಆಗಿಹೋಯಿತು. ಎದ್ದು ಹೋಗಿ ಕೈಕಾಲು ತೊಳೆದುಕೊಂಡೆ.

ಮತ್ತೊಂದು ನೆರಳು, ಮತ್ತೊಂದು ಉಪಾಯ. ಎಷ್ಟು ಸತ್ತವೋ. ಕಡೆಗೊಂದು, ಮರಗಟ್ಟಿದ ಮಗ್ಗುಲನ್ನು ಮೆಲ್ಲಗೆ ಬಿಸಿಲಿಗೆ ಹೊರಳಿಸಿಕೊಂಡು ಬದುಕಿತು. ಆ ಅಪ್ಪಣೆಯನ್ನೇ ಮೇಲಕ್ಕೆ ಕಳಿಸಿದೆವು. ಅಷ್ಟು ದೂರದಲ್ಲಿ ಗೀಜಗ, ತಾನೇ ನೆರಳಿನ ನೆರಳೆಂಬಂತೆ, ಹಾಗೇ ಹೊರಳಿತು. ಅದರ ಮಾತು ಮರಳಿತು.

“ಆಯೀ, ಡಾಕ್ಟರ್‌ಬಾಯೀನ ಕರಿ ಲಗೂನ! ಆಮ್ಯಾಲ ಬೈಯುವಂತಿ!” ಎಂದು ಮೌನೇಶ ಕೂಗಿದ.

ನಿಮ್ಮಲ್ಲಿ ಇದನ್ನು ಕಂಪ್ಯೂಟರ್ ಆಟ ಎನ್ನುವವರು ಇದ್ದರಂತೆ. ಅವರಿಗೆ ನನ್ನ ಹೆಸರಲ್ಲಿ ಎರಡು ಬೈಯಿರಿ. ರಾಕೆಟ್ ಏರಿತೆಂದು ಚಪ್ಪಾಳೆ ತಟ್ಟಿ ನೆರಳನ್ನು ಅನಾಥ ಮಾಡಬೇಡಿ. ಆ ತುದಿಯಲ್ಲಿ ಯಾರದೋ ಮೊಮ್ಮಗಳು ಇರುತ್ತಾಳೆ.

ಸಾಕು. ಅಲ್ಲಿಂದ ಕೂಸು ಅಳುವುದು ಕೇಳುತ್ತಿದೆ.

ಫಕೀರವ್ವ